ವಾರ್ತಾಸೂತ್ರಗಳ ಚರಿತ್ರೆ

ಮನುಷ್ಯನು ನಿರ್ಮಿಸಿದ ವಸ್ತುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ದೇವಾಲಯ, ಸೇತುವೆ, ಕೆರೆಯ ಏರಿ ಮೊದಲಾದವು ಎಲ್ಲರ ಕಣ್ಣಿಗೂ ಬಿದ್ದು ಕಟ್ಟಿಸಿದವರ ಕೀರ್ತಿಯನ್ನು ತಾವೇ ಸಾರುವುವು. ಮನೆಯ ಅಸ್ತಿಭಾರ, ನೆಲದಡಿಯ ನೀರಿನ ಕೊಳವೆ ಮುಂತಾದುವಾದರೋ ಕಾಣದೆ ಇದ್ದುಕೊಂಡೇ ಕೆಲಸಮಾಡುವುವು. ಅವು ಕೆಟ್ಟಾಗ ಮಾತ್ರ ನಮಗೆ ಅವುಗಳ ನೆನಪು. ಇಂದು ಮನೆ, ಶಾಲೆ, ಕಚೇರಿಗಳ ಗೋಡೆಯಂಚಿನಲ್ಲಿ ಹಾದುಹೋಗಿ ಗಣಕಯಂತ್ರಗಳನ್ನು ಒಂದಕ್ಕೊಂದು ಕೂಡಿಸುವ ಕೇಬಲ್ಲು ಈ ಎರಡನೆಯ ವರ್ಗಕ್ಕೆ ಸೇರಿದುದು. ಪರದೇಶದಲ್ಲಿರುವ ಮಕ್ಕಳ ಮುಖವನ್ನು ಕಂಡು ಮಾತನಾಡುವಾಗ ಆ ಮಾತು ಆಕಾಶಮಾರ್ಗವಾಗಿಯೇ ಬರುತ್ತದೆಂದು ಅನೇಕರು ಭಾವಿಸಿದ್ದಾರೆ. ವಸ್ತುಸ್ಥಿತಿ ಹಾಗಲ್ಲ. ಖಂಡಾಂತರಗಳ ನಡುವೆ ಸಂಚರಿಸುವ ವಾರ್ತೆಗಳಲ್ಲಿ ಬಹುಪಾಲು ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲುಗಳ ಮೂಲಕವೇ ಬರುತ್ತದೆ. ಇವುಗಳನ್ನು ವಾರ್ತಾಸೂತ್ರಗಳೆಂದು ಕರೆದರೆ ತಪ್ಪಾಗಲಾರದು.

ಈ ಸೂತ್ರಗಳು ಹೇಗೆ ಹುಟ್ಟಿದುವು, ಹೇಗೆ ಕೆಲಸಮಾಡುತ್ತವೆ, ಹೇಗೆ ತಯಾರಾಗುತ್ತವೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇವುಗಳ ಚರಿತ್ರೆಯೆಲ್ಲವೂ ಮೂರು ಪ್ರಶ್ನೆಗಳ ಸುತ್ತ ನಡೆದಿದೆ. ಹೊರಟ ವಿದ್ಯುತ್ತು ದಾರಿಯಲ್ಲಿ ಸೋರಿಹೋಗದಂತೆ ತಡೆಯುವುದು ಹೇಗೆ? ಹೊರಟ ಸಂಕೇತವು ತನ್ನ ರೂಪವನ್ನು ಕಳೆದುಕೊಳ್ಳದಂತೆ ಕಾಪಾಡುವುದು ಹೇಗೆ? ನೆರೆಯ ತಂತಿಗಳ ಗದ್ದಲವು ಒಳನುಗ್ಗದಂತೆ ಮಾಡುವುದು ಹೇಗೆ?

ಮೊದಲನೆಯದು ಸೋರಿಕೆಯ ಪ್ರಶ್ನೆ. ವಿದ್ಯುತ್ತಿಗೆ ತಾಮ್ರವು ರಾಜಮಾರ್ಗವಾದರೆ ಒದ್ದೆಯ ಮಣ್ಣೂ ಉಪ್ಪುನೀರೂ ಕಾಲುದಾರಿಗಳು. ಕಂಬದ ಮೇಲಿನ ತಂತಿಗೆ ಗಾಳಿಯೇ ಕಾವಲು. ನೀರಿನಲ್ಲಿ ಮುಳುಗಿಸಿದ ತಂತಿಗೆ ಕಾವಲು ಯಾವುದು? ಇದನ್ನು ಬಹು ಮುಂಚೆಯೇ ಎದುರಿಸಿದವರಲ್ಲಿ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಒಷಾನೆಸಿ ಎಂಬ ವೈದ್ಯನು ಒಬ್ಬನು. ಇವನು ೧೮೩೯ರಲ್ಲಿ ರಾಳ ಬಳಿದ ತಂತಿಯನ್ನು ಸೀಳಿದ ಬೆತ್ತದೊಳಗಿರಿಸಿ, ಮೇಲೆ ಡಾಂಬರು ಹಚ್ಚಿದ ನೂಲನ್ನು ಸುತ್ತಿ, ಹೂಗ್ಲಿ ನದಿಯ ನೀರಿನಲ್ಲಿ ಹಾಯಿಸಿ ಸಂಕೇತಗಳನ್ನು ಕಳುಹಿಸಿದನು. ನಮ್ಮ ದೇಶದ ಬೆತ್ತವು ಹೀಗೆ ಈ ಚರಿತ್ರೆಯ ಮೊದಲ ಪುಟದಲ್ಲಿಯೇ ಸೇರಿಕೊಂಡಿದೆ.

ಆದರೆ ಬೆತ್ತವೂ ರಾಳವೂ ಸಾಗರಕ್ಕೆ ಸಾಲವು. ಆ ಕೊರತೆಯನ್ನು ನೀಗಿಸಿದುದು ಮಲಯ ಪ್ರದೇಶದ ಕಾಡುಗಳಲ್ಲಿ ಬೆಳೆಯುವ ಒಂದು ಮರದ ಹಾಲು. ನಮ್ಮ ಇಪ್ಪೆ, ಬಕುಳಗಳ ಕುಟುಂಬಕ್ಕೇ ಸೇರಿದ ಈ ಮರದ ಹಾಲು ಗಟ್ಟಿಯಾದಾಗ ಅದಕ್ಕೆ ಗಟಾಪರ್ಚವೆಂದು ಹೆಸರು. ಅಲ್ಲಿಯ ಜನರು ಮಚ್ಚಿನ ಹಿಡಿಗಳಿಗೆ ಅದನ್ನು ಬಳಸುತ್ತಿದ್ದರು. ಬಿಸಿನೀರಿನಲ್ಲಿ ಅದು ಕಣಕದಂತೆ ಮೃದುವಾಗುವುದು. ತಣ್ಣಗಾದರೆ ಗಟ್ಟಿಯಾಗಿ ನಿಲ್ಲುವುದು. ಸಮುದ್ರದ ನೀರಿನಲ್ಲಿ ಕೊಳೆಯದು. ಅದು ವಿದ್ಯುತ್ತನ್ನು ಚೆನ್ನಾಗಿ ತಡೆಯುವುದೆಂದು ಮೈಕೇಲ್ ಫ್ಯಾರಡೆ ಎಂಬ ಮಹಾವಿಜ್ಞಾನಿಯು ೧೮೪೮ರಲ್ಲಿ ಪ್ರಕಟಿಸಿದನು. ಜರ್ಮನಿಯ ವೆರ್ನರ್ ಸೀಮೆನ್ಸನು ಇದಕ್ಕೂ ಸ್ವಲ್ಪ ಮುಂಚೆಯೇ ಅದನ್ನು ತಂತಿಗೆ ಹೊದಿಸುವ ಯಂತ್ರವನ್ನು ಸಿದ್ಧಪಡಿಸಿದ್ದನು. ಶಾವಿಗೆಯ ಒರಳನ್ನು ನೆನೆದರೆ ಆ ಯಂತ್ರದ ತತ್ತ್ವವು ತಿಳಿಯುತ್ತದೆ. ಒತ್ತಡಕ್ಕೆ ಸಿಕ್ಕಿದ ಮೆತ್ತನೆಯ ಪದಾರ್ಥವು ರಂಧ್ರದಿಂದ ಹೊರಬೀಳುವಾಗ, ಆ ರಂಧ್ರದ ನಟ್ಟನಡುವೆ ತಂತಿಯೂ ಹಾದುಬಂದರೆ, ತಂತಿಯ ಸುತ್ತಲೂ ಬೆಸುಗೆಯ ಗೆರೆಯಿಲ್ಲದ ಒಂದೇ ಕವಚವು ಕೂಡಿಕೊಳ್ಳುವುದು. ಇಂದಿನ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುವುದೂ ಇದೇ ಕ್ರಮದಿಂದಲೇ.

ಇಂತಹ ತಂತಿಯನ್ನು ೧೮೫೦ರ ಆಗಸ್ಟಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಹಾಕಿದರು. ಬರಿಯ ಗಟಾಪರ್ಚದ ಹೊದಿಕೆಯಿದ್ದ ಆ ತಂತಿಯು ಹಾಕಿದ ಕೆಲವೇ ಗಂಟೆಗಳಲ್ಲಿ ಮೂಕವಾಯಿತು. ಮರುವರ್ಷ ಅದರ ಮೇಲೆ ಕಬ್ಬಿಣದ ತಂತಿಗಳನ್ನು ಹಗ್ಗದಂತೆ ಹೊಸೆದು ಬಲಪಡಿಸಿ ಹಾಕಿದ ಕೇಬಲ್ಲು ಬಾಳಿತು. ಒಳಗೆ ತಾಮ್ರ, ನಡುವೆ ತಡೆ, ಹೊರಗೆ ರಕ್ಷೆ ಎಂಬ ಮೂರಂತಸ್ತಿನ ರಚನೆಯು ಅಂದಿನಿಂದ ರೂಢಿಗೆ ಬಂದಿತು.

ಜಯದಿಂದ ಉತ್ಸಾಹವೂ ಉತ್ಸಾಹದಿಂದ ಆತುರವೂ ಹುಟ್ಟಿದುವು. ಅಟ್ಲಾಂಟಿಕ್ ಮಹಾಸಾಗರದ ಅಡಿಯಲ್ಲಿ ಸುಮಾರು ಎರಡು ಸಾವಿರ ಮೈಲಿಗಳ ದೂರಕ್ಕೆ ಕೇಬಲ್ಲನ್ನು ಹಾಯಿಸುವ ಕಾರ್ಯವನ್ನು ಒಂದು ಮಂಡಲಿಯು ಕೈಗೊಂಡಿತು. ಇಲ್ಲಿ ಎರಡನೆಯ ಪ್ರಶ್ನೆಯು ತಲೆಯೆತ್ತಿತು. ತಂತಿಯ ಒಂದು ತುದಿಯಲ್ಲಿ ಗುಂಡಿಯೊತ್ತಿದೊಡನೆ ಮತ್ತೊಂದು ತುದಿಯಲ್ಲಿ ಸಂಕೇತವು ಹಾಗೆಯೇ ಮೂಡುವುದೆಂದು ಸಾಮಾನ್ಯರ ಎಣಿಕೆ. ಆದರೆ ಕಡಲಿನ ಕೇಬಲ್ಲಿನಲ್ಲಿ ಒಳಗಿನ ತಾಮ್ರವೂ ಹೊರಗಿನ ನೀರೂ ನಡುವಣ ಗಟಾಪರ್ಚದ ಎರಡು ಮಗ್ಗುಲುಗಳಲ್ಲಿ ನಿಂತು, ಕೇಬಲ್ಲೇ ವಿದ್ಯುತ್ತನ್ನು ತುಂಬಿಡುವ ಒಂದು ಉದ್ದವಾದ ಪಾತ್ರೆಯಾಗಿ ಪರಿಣಮಿಸುವುದು. ಬೇಸಿಗೆಯಲ್ಲಿ ಬತ್ತಿದ ಕಾಲುವೆಗೆ ನೀರು ಬಿಟ್ಟರೆ ದಾರಿಯ ಮಣ್ಣು ಕುಡಿದು ಉಳಿದುದು ಮುಂದಕ್ಕೆ ಹೋಗುವಂತೆ, ವಿದ್ಯುತ್ತು ಮೊದಲು ಕೇಬಲ್ಲನ್ನು ತುಂಬಿ ಅನಂತರ ನಿಧಾನವಾಗಿ ಆಚೆಯ ತುದಿಗೆ ತಲಪುವುದು. ಚೂಪಾಗಿ ಹೊರಟ ಸಂಕೇತವು ಮೊಂಡಾಗಿ, ಹಿಂದಿನದರೊಡನೆ ಬೆರೆತುಹೋಗುವುದು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಥಾಮ್ಸನ್ ಎಂಬವನು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ಇದನ್ನು ಗಣಿತದಿಂದ ಸಾಧಿಸಿ ತೋರಿಸಿದನು. ಅವನ ಪ್ರಕಾರ ಈ ವಿಳಂಬವು ಉದ್ದದ ವರ್ಗದಂತೆ ಬೆಳೆಯುವುದು. ಉದ್ದವು ಹತ್ತರಷ್ಟಾದರೆ ವಿಳಂಬವು ನೂರರಷ್ಟಾಗುವುದು. ಆದುದರಿಂದ ತಾಮ್ರವೂ ಗಟಾಪರ್ಚವೂ ದಪ್ಪವಾಗಿರಬೇಕೆಂದು ಅವನ ಅಭಿಪ್ರಾಯ.

ಮಂಡಲಿಯ ವಿದ್ಯುತ್ಕಾರ್ಯದ ಮುಖ್ಯಸ್ಥನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸನು ವೃತ್ತಿಯಿಂದ ಶಸ್ತ್ರವೈದ್ಯನು. ಅವನು ಪ್ರಯೋಗಗಳನ್ನು ಮಾಡಿ ಥಾಮ್ಸನ್ನನ ನಿಯಮವನ್ನು ಅಲ್ಲಗಳೆದನು. ತೆಳುವಾದ ತಾಮ್ರವೇ ಸಾಕೆಂಬ ವಾದವು ಗೆದ್ದಿತು. ಕೇಬಲ್ಲನ್ನು ಎರಡು ಕಾರ್ಖಾನೆಗಳಿಗೆ ಅರ್ಧರ್ಧವಾಗಿ ಹಂಚಿ ಕೆಲವೇ ತಿಂಗಳುಗಳಲ್ಲಿ ಮಾಡಿಸಿದರು. ಎರಡೂ ಭಾಗಗಳು ಸಿದ್ಧವಾದ ಮೇಲೆ ನೋಡಿದರೆ ಒಂದು ಕಾರ್ಖಾನೆಯವರು ಕಬ್ಬಿಣದ ಹೊರಹುರಿಯನ್ನು ಬಲಕ್ಕೂ ಮತ್ತೊಂದರವರು ಎಡಕ್ಕೂ ಹೊಸೆದಿದ್ದರು! ಎರಡನ್ನೂ ಕೂಡಿಸಿ ಎಳೆದರೆ ಹುರಿಗಳು ಒಂದನ್ನೊಂದು ಬಿಚ್ಚುವುವು. ಅದಕ್ಕೋಸ್ಕರ ವಿಶೇಷವಾದ ಬೆಸುಗೆಯ ಉಪಾಯವನ್ನು ಹೂಡಬೇಕಾಯಿತು. ಅಲ್ಲದೆ ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದ ಭಾಗಗಳಲ್ಲಿ ಗಟಾಪರ್ಚವು ಮೆತ್ತಗಾಗಿ, ಒಳಗಿನ ತಾಮ್ರವು ನಡುವಿನಿಂದ ಒಂದು ಮಗ್ಗುಲಿಗೆ ಸರಿದಿತ್ತು.

೧೮೫೭ರ ಪ್ರಯತ್ನದಲ್ಲಿ ಕೇಬಲ್ಲು ಕಡಿದುಹೋಯಿತು. ಮರುವರ್ಷ ಆಗಸ್ಟ್ ೫ರಂದು ಕಾರ್ಯವು ಮುಗಿಯಿತು. ವಿಕ್ಟೋರಿಯಾ ರಾಣಿಯವರು ಅಮೆರಿಕದ ಅಧ್ಯಕ್ಷರಿಗೆ ಕಳುಹಿಸಿದ ೯೮ ಮಾತುಗಳ ಸಂದೇಶವು ದಾಟಲು ೧೬ ಗಂಟೆಗಳ ಕಾಲ ಹಿಡಿಯಿತು. ವೈಟ್‌ಹೌಸನು ಸುಮಾರು ೨,೦೦೦ ವೋಲ್ಟುಗಳ ಪ್ರಬಲವಾದ ಒತ್ತಡವನ್ನು ಹೇರಿದನು. ಹೊದಿಕೆಯು ದುರ್ಬಲವಾಗಿದ್ದ ಕಡೆಗಳಲ್ಲಿ ಆ ಒತ್ತಡವು ತೂತು ಕೊರೆಯಿತು. ಥಾಮ್ಸನ್ನನಾದರೋ ಕ್ಷೀಣವಾದ ವಿದ್ಯುತ್ತನ್ನೇ ಕಳುಹಿಸಿ, ಪುಟ್ಟ ಕನ್ನಡಿಯೊಂದರ ಮೇಲಿನ ಬೆಳಕಿನ ಚಲನೆಯಿಂದ ಅದನ್ನು ಕಂಡುಹಿಡಿಯುವ ಸೂಕ್ಷ್ಮ ಯಂತ್ರವನ್ನು ರಚಿಸಿದ್ದನು. ಕೂಗಿದವನು ಇನ್ನೂ ಗಟ್ಟಿಯಾಗಿ ಕೂಗಬೇಕೆಂಬುದು ಒಬ್ಬನ ಮತ. ಕೇಳುವವನ ಕಿವಿಯು ಚುರುಕಾಗಬೇಕೆಂಬುದು ಮತ್ತೊಬ್ಬನದು. ಮೂರುನಾಲ್ಕು ವಾರಗಳೊಳಗಾಗಿ ಕೇಬಲ್ಲು ಸತ್ತಿತು. ದೋಷವೆಲ್ಲವನ್ನೂ ವೈಟ್‌ಹೌಸನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಬಲ್ಲು ಹುಟ್ಟುವಾಗಲೇ ರೋಗಿಷ್ಠವಾಗಿತ್ತು.

ಸಾಯುವ ಮುನ್ನ ಅದು ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಕೆಲಸವನ್ನು ಮಾಡಿತು. ೧೮೫೭ರಲ್ಲಿ ಭಾರತದಲ್ಲೆದ್ದ ದಂಗೆಯನ್ನಡಗಿಸುವ ಸಲುವಾಗಿ ಕೆನಡದಲ್ಲಿದ್ದ ಎರಡು ಪಟಾಲಮುಗಳನ್ನು ಆಂಗ್ಲ ಸರ್ಕಾರವು ಹಿಂದಕ್ಕೆ ಕರೆದಿತ್ತು. ಅವು ಇನ್ನು ಬೇಕಾಗಿಲ್ಲವೆಂಬ ಆಜ್ಞೆಯು ೧೮೫೮ರ ಆಗಸ್ಟಿನ ಕೊನೆಯಲ್ಲಿ ಈ ಕೇಬಲ್ಲಿನ ಮೂಲಕ ಹೋಯಿತು. ಸುಮಾರು ೫೦,೦೦೦ ಪೌಂಡುಗಳು ಉಳಿದುವೆಂದು ಲೆಕ್ಕ ಹೇಳುವರು. ಉಳಿತಾಯವನ್ನು ಕಂಡ ಸರ್ಕಾರವು ಭಾರತಕ್ಕೂ ಕೇಬಲ್ಲು ಬೇಕೆಂದು ಅವಸರಪಟ್ಟು, ೧೮೫೯–೬೦ರಲ್ಲಿ ಸೂಯೆಜಿನಿಂದ ಏಡನ್ನಿನ ಮಾರ್ಗವಾಗಿ ಕರಾಚಿಯವರೆಗೆ ಹಾಕುವ ಒಂದು ಮಂಡಲಿಯ ೮,೦೦,೦೦೦ ಪೌಂಡುಗಳ ಮೂಲಧನಕ್ಕೆ ಬಡ್ಡಿಯ ಹೊಣೆ ಹೊತ್ತಿತು. ಆ ಕೇಬಲ್ಲೂ ಬೇಗನೆ ಕೆಟ್ಟಿತು. ಬಡ್ಡಿಯಾದರೋ ಕೆಡಲಿಲ್ಲ, ವರ್ಷಕ್ಕೆ ೩೬,೦೦೦ ಪೌಂಡುಗಳಂತೆ ಐವತ್ತು ವರ್ಷಗಳ ಕಾಲ ತೆರಬೇಕೆಂದು ಒಪ್ಪಂದವಾಗಿತ್ತು.

ಇಷ್ಟು ಪೆಟ್ಟು ಬಿದ್ದ ಮೇಲೆ ವಿಚಾರಣೆ ನಡೆಯಿತು. ೧೮೬೧ರಲ್ಲಿ ಪ್ರಕಟವಾದ ವರದಿಯಂತೆ, ಅದುವರೆಗೆ ಹಾಕಿದ್ದ ೧೧,೩೬೪ ಮೈಲಿ ಕೇಬಲ್ಲುಗಳಲ್ಲಿ ಕೆಲಸಮಾಡುತ್ತಿದ್ದುದು ಸುಮಾರು ೩,೦೦೦ ಮೈಲಿ ಮಾತ್ರ. ಈ ಚರಿತ್ರೆಯ ತಿರುಳು ಇಲ್ಲಿಯೇ ಇದೆ. ಥಾಮ್ಸನ್ನನು ೧೮೫೭ರಲ್ಲಿಯೇ ಬೇರೆಬೇರೆ ಕಾರ್ಖಾನೆಗಳ ತಾಮ್ರದ ತಂತಿಗಳನ್ನು ತರಿಸಿ ಪರೀಕ್ಷಿಸಿದ್ದನು. ಹೊಳಪು ಒಂದೇ, ಬಣ್ಣ ಒಂದೇ, ತೂಕ ಒಂದೇ. ಆದರೆ ವಿದ್ಯುತ್ತನ್ನು ಸಾಗಿಸುವ ಶಕ್ತಿಯು ಒಂದರಲ್ಲಿದ್ದುದಕ್ಕೆ ಮತ್ತೊಂದರಲ್ಲಿ ಸುಮಾರು ಅರ್ಧವಿತ್ತು. ಲೇಶಮಾತ್ರವಾದ ಅನ್ಯವಸ್ತುವು ಬೆರೆತರೂ ತಾಮ್ರದ ಗುಣವು ಕುಗ್ಗುವುದೆಂದು ಅನಂತರ ಮ್ಯಾಥೀಸೆನ್ ಎಂಬ ರಸಾಯನಜ್ಞನು ತೋರಿಸಿದನು. ಕಣ್ಣಿಗೆ ತೋರದ ಈ ದೋಷವನ್ನು ಹಿಡಿಯಲು ಮಾನದಂಡವು ಬೇಕಾಯಿತು. ವಿದ್ಯುತ್ತಿನ ತಡೆಯನ್ನು ಅಳೆಯುವ ಮೂಲಮಾನವನ್ನು ನಿಷ್ಕರ್ಷಿಸುವುದಕ್ಕೆ ೧೮೬೧ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಒಂದು ಸಮಿತಿಯನ್ನು ನೇಮಿಸಿತು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಓಮ್ ಎಂಬ ಮಾನವು ಈ ಸಮಿತಿಯ ದುಡಿಮೆಯಿಂದ ಬಳಕೆಗೆ ಬಂದಿತು. ಅಂದಿನಿಂದ ಕೇಬಲ್ಲನ್ನು ನಂಬಿಕೆಯಿಂದ ಕೊಳ್ಳುವ ಕಾಲವು ಹೋಗಿ, ಅಳೆದು ಕೊಳ್ಳುವ ಕಾಲವು ಬಂದಿತು.

ಫಲವು ಬೇಗನೆ ಕಂಡಿತು. ೧೮೬೪ರಲ್ಲಿ ಪರ್ಷಿಯಾ ಕೊಲ್ಲಿಯಲ್ಲಿ ಹಾಕಿದ ಕೇಬಲ್ಲು ಬಾಳಿತು. ಅಟ್ಲಾಂಟಿಕ್ಕಿನ ಹೊಸ ಕೇಬಲ್ಲಿಗೆ ಪ್ರತಿ ನಾವಿಕ ಮೈಲಿಗೆ ೧೦೭ ಪೌಂಡಿದ್ದ ತಾಮ್ರವನ್ನು ೩೦೦ಕ್ಕೂ, ೨೬೧ ಪೌಂಡಿದ್ದ ಗಟಾಪರ್ಚವನ್ನು ೪೦೦ಕ್ಕೂ ಏರಿಸಿದರು. ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಯು ೧೮೬೬ರ ಜುಲೈ ೨೭ರಂದು ಅದನ್ನು ದಡ ಮುಟ್ಟಿಸಿತು. ಅದೇ ನೌಕೆಯು ೧೮೭೦ರಲ್ಲಿ ಮುಂಬಯಿಯಿಂದ ಏಡನ್ನಿಗೆ ಕೇಬಲ್ಲು ಹಾಕಿತು. ನಮ್ಮ ಕಡಲಿನ ಬಿಸಿಲಿಗೆ ಗಟಾಪರ್ಚವು ಮೆದುವಾಗದಿರಲೆಂದು ಹಡಗಿಗೆ ಬಿಳಿಯ ಬಣ್ಣವನ್ನು ಬಳಿದಿದ್ದರು. ಅಂಗಳದ ಬಿಸಿಲಿನ ಪಾಠವನ್ನು ಮರೆತಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಈ ಜಯಕ್ಕೆ ಬೆಲೆ ತೆತ್ತುದು ಮಲಯದ ಕಾಡು. ಹಾಲು ತೆಗೆಯುವ ಸಲುವಾಗಿ ಮರವನ್ನೇ ಕಡಿದು ಕೆಡಹುತ್ತಿದ್ದರು. ಒಂದು ಮರದಿಂದ ದೊರೆಯುತ್ತಿದ್ದುದು ಅತ್ಯಲ್ಪ. ಸಿಂಗಪುರದ ಸುತ್ತಣ ಮರಗಳು ಕೆಲವು ವರ್ಷಗಳಲ್ಲಿಯೇ ಮುಗಿದು, ಕೊಡಲಿಯು ಮಲಯ, ಸುಮಾತ್ರ, ಬೋರ್ನಿಯೋಗಳ ಒಳನಾಡಿಗೆ ನುಗ್ಗಿತು. ಲಂಡನ್ನಿನ ವರ್ತಕನು ಬೆಳಗಿನ ಧಾರಣೆಯನ್ನು ಓದುವಾಗ ಈ ಕೊಡಲಿಯ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ೧೯೩೩ರಲ್ಲಿ ಇಂಗ್ಲೆಂಡಿನ ರಸಾಯನಜ್ಞರು ಪಾಲಿಥೀನ್ ಎಂಬ ಕೃತಕ ವಸ್ತುವನ್ನು ಕಂಡುಹಿಡಿದ ಮೇಲೆಯೇ ಆ ಮರಗಳಿಗೆ ಕ್ರಮೇಣ ಬಿಡುಗಡೆಯಾದುದು.

ಇನ್ನು ಮೂರನೆಯ ಪ್ರಶ್ನೆ. ೧೮೭೬ರಲ್ಲಿ ಟೆಲಿಫೋನು ಹುಟ್ಟಿತು. ಆರಂಭದಲ್ಲಿ ಅದಕ್ಕೆ ಒಂದೇ ತಂತಿ. ಮರಳುವ ದಾರಿಯು ಭೂಮಿಯೇ. ನಗರಗಳಲ್ಲಿ ತಂತಿಗಳು ದಟ್ಟವಾದಂತೆ ಒಬ್ಬರ ಮಾತು ಮತ್ತೊಬ್ಬರಿಗೆ ಕೇಳಿಸತೊಡಗಿತು. ವಿದ್ಯುದ್ದೀಪದ ತಂತಿಗಳ ಗೊರಗೊರ ಶಬ್ದವೂ ಸೇರಿಕೊಂಡಿತು. ಟೆಲಿಫೋನಿನ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನೇ ೧೮೮೧ರಲ್ಲಿ ಇದಕ್ಕೆ ಪರಿಹಾರವನ್ನು ಹೇಳಿದನು: ಹೋಗಲು ಒಂದು, ಬರಲು ಒಂದು, ಹೀಗೆ ಎರಡು ತಂತಿಗಳನ್ನಿಟ್ಟು ಅವುಗಳನ್ನು ಒಂದರ ಸುತ್ತ ಒಂದನ್ನು ಹೊಸೆಯಬೇಕು. ಇದರ ಮರ್ಮವನ್ನು ತಕ್ಕಡಿಯ ದೃಷ್ಟಾಂತದಿಂದ ತಿಳಿಯಬಹುದು. ಎರಡು ತಟ್ಟೆಗಳ ಮೇಲೂ ಸಮನಾಗಿ ಧೂಳು ಬಿದ್ದರೆ ಮುಳ್ಳು ಕದಲುವುದಿಲ್ಲ; ಒಂದರಲ್ಲಿಟ್ಟ ಬೊಟ್ಟಿನ ಭಾರಕ್ಕಾದರೋ ಕದಲುವುದು. ಹಾಗೆಯೇ ಕೇಳುವ ಯಂತ್ರವು ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಗ್ರಹಿಸುವುದು. ಹೊರಗಿನ ಗದ್ದಲವು ಎರಡರ ಮೇಲೂ ಸಮನಾಗಿ ಬಿದ್ದರೆ ವ್ಯತ್ಯಾಸದಲ್ಲಿ ಅಳಿಸಿಹೋಗುವುದು. ತಂತಿಗಳು ನೇರವಾಗಿದ್ದರೆ ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಮೆ ಗದ್ದಲ ಬೀಳುವುದು. ಹೊಸೆದರೆ ಹತ್ತಿರದ್ದು ದೂರವಾಗಿ, ದೂರದ್ದು ಹತ್ತಿರವಾಗಿ ಒಟ್ಟು ಲೆಕ್ಕವು ಸರಿಹೋಗುವುದು.

ಈ ಹಳೆಯ ಉಪಾಯವೇ ಇಂದಿನ ಗಣಕಜಾಲದ ಜೀವಾಳ. ೧೯೭೩ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫನೂ ಡೇವಿಡ್ ಬಾಗ್ಸನೂ ಗಣಕಯಂತ್ರಗಳನ್ನು ಕೂಡಿಸುವ ಈಥರ್‌ನೆಟ್ ಎಂಬ ಪದ್ಧತಿಯನ್ನು ಆರಂಭಿಸಿದಾಗ, ನಡುವೆ ಒಂದು ತಂತಿ, ಸುತ್ತಲೂ ಲೋಹದ ಕವಚವಿದ್ದ ಕೇಬಲ್ಲನ್ನು ಉಪಯೋಗಿಸಿದರು. ೧೯೯೦ರಲ್ಲಿ ಟೆಲಿಫೋನಿನ ಹೊಸೆದ ಜೋಡಿಗಳ ಮೇಲೆಯೇ ಅದನ್ನು ನಡೆಸುವ ನಿಯಮಾವಳಿಯು ಬಂದಿತು. ೧೯೯೯ರಲ್ಲಿ ನಾಲ್ಕು ಜೋಡಿಗಳ ಮೇಲೆ ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಕಳುಹಿಸುವ ನಿಯಮಾವಳಿ. ಒಂದೊಂದು ಜೋಡಿಯಲ್ಲೂ ಸೆಕೆಂಡಿಗೆ ಹನ್ನೆರಡೂವರೆ ಕೋಟಿ ಸಂಕೇತಗಳು ಏಕಕಾಲದಲ್ಲಿ ಎರಡು ದಿಕ್ಕಿಗೂ ಸಾಗುತ್ತವೆ. ತಂತಿಯಲ್ಲಿ ಸಂಕೇತದ ವೇಗವು ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು. ಆದುದರಿಂದ ಒಂದು ಸಂಕೇತವು ಸುಮಾರು ೧.೬ ಮೀಟರಿನಷ್ಟು ತಂತಿಯನ್ನು ಆಕ್ರಮಿಸುವುದು. ೧೦೦ ಮೀಟರಿನ ಮಿತಿಯವರೆಗೆ ಎಳೆದ ಕೇಬಲ್ಲಿನಲ್ಲಿ, ಮೊದಲನೆಯ ಸಂಕೇತವು ತಲಪುವ ಮುನ್ನವೇ ಅದರ ಹಿಂದೆ ಅರುವತ್ತು ಸಂಕೇತಗಳು ಸಾಲುಗಟ್ಟಿ ನಡೆದಿರುತ್ತವೆ. ರಾಣಿಯವರ ೯೮ ಮಾತುಗಳನ್ನು ಈ ತಂತಿಯು ಸೆಕೆಂಡಿನ ಲಕ್ಷದ ಒಂದು ಭಾಗದೊಳಗೆ ಸಾಗಿಸಿಬಿಡುವುದು.

ಇದು ತಯಾರಾಗುವ ಬಗೆಯನ್ನು ನೋಡೋಣ. ಮೊದಲು ತಾಮ್ರವನ್ನು ವಿದ್ಯುದ್ವಿಧಾನದಿಂದ ಶೋಧಿಸಿ ನೂರಕ್ಕೆ ೯೯.೯೯ರಷ್ಟು ಶುದ್ಧಗೊಳಿಸುತ್ತಾರೆ. ಅನಂತರ ಸುಮಾರು ೮ ಮಿಲಿಮೀಟರಿನ ಸರಳಾಗಿ ಎರಕ ಹೊಯ್ದು, ಅಕ್ಕಸಾಲಿಗನು ಕಂಬಚ್ಚಿನ ರಂಧ್ರಗಳಲ್ಲಿ ಕಂಬಿಯನ್ನು ಎಳೆಯುವಂತೆಯೇ, ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳಲ್ಲಿ ಎಳೆದು ಸುಮಾರು ಅರ್ಧ ಮಿಲಿಮೀಟರಿಗೆ ತರುತ್ತಾರೆ. ಎಳೆತದಿಂದ ಬಿರುಸಾದ ತಂತಿಯನ್ನು ಕಾಯಿಸಿ ಮೆದುಮಾಡಿ, ಶಾವಿಗೆಯ ಒರಳಿನ ಕ್ರಮದಲ್ಲಿ ಪಾಲಿಥೀನಿನ ಹೊದಿಕೆ ಹಾಕಿ, ನೀರಿನ ತೊಟ್ಟಿಯಲ್ಲಿ ತಣಿಸುತ್ತಾರೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕಿಡಿ ಹಾರಿ ತಿಳಿಸುವ ಪರೀಕ್ಷಾಯಂತ್ರದ ಮೂಲಕ ತಂತಿಯು ಹಾದುಹೋಗಬೇಕು. ತಾಮ್ರವು ನಟ್ಟನಡುವೆ ಇದೆಯೇ ಎಂಬುದನ್ನೂ ಅಳೆಯುತ್ತಾರೆ. ಬಳಿಕ ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣದ ತಂತಿಗಳನ್ನು ತಮ್ಮ ತಮ್ಮ ಬಿಳಿಯ ಜೊತೆಗಾರನೊಡನೆ ಹೊಸೆಯುತ್ತಾರೆ. ನಾಲ್ಕು ಜೋಡಿಗಳ ಹೊಸೆತವೂ ಬೇರೆಬೇರೆ ಅಳತೆಯದು. ಒಂದೇ ಅಳತೆಯಾದರೆ ನೆರೆಯ ಜೋಡಿಗಳ ತಿರುವುಗಳು ಹೆಜ್ಜೆಗೆ ಹೆಜ್ಜೆ ಕೂಡಿ, ಗದ್ದಲವು ಅಳಿಸಿಹೋಗದೆ ಉಳಿಯುವುದು. ಕಡೆಗೆ ನಾಲ್ಕನ್ನೂ ಕೂಡಿಸಿ ಹೊರಕವಚವನ್ನು ಹಾಕಿ, ಪರೀಕ್ಷಿಸಿ, ೩೦೫ ಮೀಟರುಗಳ, ಎಂದರೆ ಸಾವಿರ ಅಡಿಗಳ ಸುರುಳಿಗಳಾಗಿ ಮಾರುತ್ತಾರೆ.

ಆದರೆ ಥಾಮ್ಸನ್ನನು ಕಂಡ ದೋಷವು ಇಂದಿಗೂ ಲೋಕವನ್ನು ಬಿಟ್ಟುಹೋಗಿಲ್ಲ. ಅಲ್ಯುಮಿನಿಯಂ ತಂತಿಗೆ ತಾಮ್ರದ ತೆಳುವಾದ ಲೇಪವನ್ನು ಕೊಟ್ಟು, ತಾಮ್ರದ ಕೇಬಲ್ಲೆಂದು ಅಗ್ಗವಾಗಿ ಮಾರುವುದುಂಟು. ಅಲ್ಯುಮಿನಿಯಂ ವಿದ್ಯುತ್ತನ್ನು ಸಾಗಿಸುವ ಶಕ್ತಿಯು ತಾಮ್ರದ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ಜಾಲದ ನಿಯಮಾವಳಿಗಳು ಅದನ್ನು ಒಪ್ಪುವುದಿಲ್ಲ. ಅಂತಹ ತಂತಿಯು ಬಾಗಿಸಿದಲ್ಲಿ ಮುರಿಯುವುದು. ಕ್ಯಾಮೆರಾ ಮುಂತಾದುವಕ್ಕೆ ಅದೇ ಕೇಬಲ್ಲಿನಿಂದ ವಿದ್ಯುತ್ತನ್ನೂ ಕಳುಹಿಸಿದರೆ ಹೆಚ್ಚಾಗಿ ಕಾಯುವುದು. ಕಟ್ಟುಕಟ್ಟಾಗಿ ಗೋಡೆಯೊಳಗೆ ಹೂತಿದ್ದರೆ ಅಪಾಯವೂ ಆಗಬಹುದು. ಗೃಹಸ್ಥರು ಕೊಳ್ಳುವಾಗ ತಂತಿಯ ತುದಿಯನ್ನು ಚಾಕುವಿನಿಂದ ಕೆರೆದು ನೋಡುವುದೊಳ್ಳೆಯದು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಸುರುಳಿಯನ್ನು ಕೈಯಲ್ಲೆತ್ತಿದರೂ ಹಗುರವು ತಿಳಿಯುವುದು.

ಶುದ್ಧಿಯ ಈ ಕಥೆಗೆ ಗಾಜಿನ ಎಳೆಯು ಪೂರ್ಣತೆಯನ್ನು ತಂದಿತು. ಬೆಳಕನ್ನೇ ದೂತನನ್ನಾಗಿ ಮಾಡಿ ಗಾಜಿನೊಳಗೆ ಕಳುಹಿಸಬಹುದೆಂದು ಹಲವರು ಯೋಚಿಸಿದ್ದರೂ, ಗಾಜು ಬೆಳಕನ್ನು ಬೇಗನೆ ನುಂಗಿಬಿಡುತ್ತಿದ್ದಿತು. ಶಾಂಘಾಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದ ಚಾರ್ಲ್ಸ್ ಕಾವ್, ತನ್ನ ಸಹೋದ್ಯೋಗಿ ಜಾರ್ಜ್ ಹಾಕ್ಹ್ಯಾಮನೊಡನೆ, ೧೯೬೬ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ನುಂಗುವುದು ಗಾಜಿನ ಸ್ವಭಾವವಲ್ಲ, ಅದರಲ್ಲಿ ಬೆರೆತ ಕಬ್ಬಿಣವೇ ಮೊದಲಾದ ಲೋಹಗಳ ಮಲಿನತೆ ಎಂಬುದು ಅದರ ಸಾರ. ಒಂದು ಕಿಲೋಮೀಟರು ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಕಾರ್ಯ ಸಾಧ್ಯವೆಂದು ಅವನು ಗುರಿಯನ್ನಿಟ್ಟನು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮಾರರ್, ಕೆಕ್, ಶುಲ್ಟ್ಸ್ ಎಂಬ ಮೂವರು ಆ ಗುರಿಯನ್ನು ಮುಟ್ಟಿದರು. ಇಂದಿನ ಎಳೆಯಲ್ಲಿ ಅಷ್ಟು ಬೆಳಕು ನೂರು ಕಿಲೋಮೀಟರು ನಡೆದ ಮೇಲೂ ಉಳಿದಿರುವುದು. ೧೯೮೮ರಲ್ಲಿ ಅಟ್ಲಾಂಟಿಕ್ಕಿನಲ್ಲಿ ಗಾಜಿನ ಮೊದಲ ಕೇಬಲ್ಲು ಕೆಲಸಕ್ಕೆ ತೊಡಗಿತು. ೨೦೦೯ರಲ್ಲಿ ಕಾವನಿಗೆ ನೊಬೆಲ್ ಬಹುಮಾನವು ದೊರೆಯಿತು.

ಈ ಗಾಜನ್ನು ಮರಳಿನಿಂದ ನೇರವಾಗಿ ಕಾಯಿಸುವುದಿಲ್ಲ. ಸಿಲಿಕಾನಿನ ಒಂದು ದ್ರವವನ್ನು ಆವಿಯಾಗಿಸಿ, ಹಿಂದುಳಿಯುವ ಮಲಗಳನ್ನು ಬಿಟ್ಟು, ಆ ಶುದ್ಧವಾದ ಆವಿಯನ್ನು ಆಮ್ಲಜನಕದೊಡನೆ ಉರಿಯಲ್ಲಿ ಕೂಡಿಸಿ, ಬೂದಿಯಂತಹ ಬಿಳಿಯ ಪುಡಿಯನ್ನು ಪಡೆಯುತ್ತಾರೆ. ಅದನ್ನು ಕರಗಿಸಿ ದಂಡವನ್ನಾಗಿ ಮಾಡಿ, ಎತ್ತರವಾದ ಗೋಪುರದಲ್ಲಿ ಸುಮಾರು ೨,೦೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಕೂದಲಿನಷ್ಟು ತೆಳುವಾದ, ಮಿಲಿಮೀಟರಿನ ಎಂಟನೆಯ ಒಂದು ಭಾಗದ ಎಳೆಯನ್ನು ಎಳೆಯುತ್ತಾರೆ. ನಡುವಿನ ತಿರುಳಿಗೆ ಜರ್ಮೇನಿಯಮ್ಮಿನ ಅಂಶವನ್ನು ಸೇರಿಸಿರುವುದರಿಂದ ಬೆಳಕು ಅಂಚಿಗೆ ತಾಗಿ ಮತ್ತೆ ಒಳಕ್ಕೇ ಮರಳಿ ಮುಂದೆ ಸಾಗುವುದು. ಒಂದು ಕಾಲದಲ್ಲಿ ರಾಜಮಾರ್ಗವಾಗಿದ್ದ ತಾಮ್ರದ ಕಣವೊಂದು ಈ ಗಾಜಿನಲ್ಲಿ ಸೇರಿದರೆ ಅದೇ ಕಲ್ಮಷವಾಗುವುದು. ಶುದ್ಧಿಯೆಂಬುದು ವಸ್ತುವಿನ ಹೆಸರಲ್ಲ, ಅದು ಇರಬೇಕಾದ ಸ್ಥಾನಕ್ಕೆ ಸಂಬಂಧಿಸಿದುದೆಂದು ಇದರಿಂದ ತಿಳಿಯುತ್ತದೆ.

ಬೆತ್ತದಿಂದ ಗಾಜಿನವರೆಗೆ ನಡೆದ ಈ ಚರಿತ್ರೆಯನ್ನು ನೋಡಿದರೆ, ಪ್ರತಿಯೊಂದು ಸೋಲೂ ಕಣ್ಣಿಗೆ ಕಾಣದ ಭಾಗವನ್ನು ಅಲಕ್ಷಿಸಿದುದರಿಂದಲೇ ಬಂದಿತೆಂಬುದು ಸ್ಪಷ್ಟವಾಗುವುದು. ಕೇಬಲ್ಲನ್ನು ಕೊಳ್ಳುವವನಿಗೆ ಕಾಣುವುದು ಹೊರಗಿನ ಕವಚ. ಅವನ ಕಾರ್ಯವನ್ನು ಹೊರುವುದು ಒಳಗಿನ ತಿರುಳು. ತಾನೆಂದಿಗೂ ಕಾಣದ ಯಾವನೋ ಒಬ್ಬನ ಮನೆಯ ಮಾತು ಕೆಡದಿರಲೆಂದು ಕಾರ್ಖಾನೆಯಲ್ಲಿ ಯಾವನೋ ಒಬ್ಬನು ಮೊಳಮೊಳವನ್ನೂ ಪರೀಕ್ಷಿಸಿ ಕಳುಹಿಸುತ್ತಾನೆ. ನಾವು ಪರದೇಶದ ಮಕ್ಕಳೊಡನೆ ಆಡುವ ಮಾತೆಲ್ಲವೂ ಆ ಅಜ್ಞಾತ ಪುರುಷನ ಪ್ರಾಮಾಣಿಕತೆಯ ಮೇಲೆಯೇ ನಿಂತಿದೆ.